ಡೈರಿಯ ಹತ್ತು ಲಕ್ಷ ಸಾಲು: ರಾಶಿ ಡೇಟಾದಿಂದ ಕೆಲಸಕ್ಕೆ ಬರುವ ವಿಷಯ ಹೊರತೆಗೆಯುವುದು ಹೇಗೆ?

ಮಂಡ್ಯ ಸುತ್ತಮುತ್ತಲಿನ ಯಾವ ಹಳ್ಳಿಗಾದರೂ ಬೆಳ್ಳಂಬೆಳಿಗ್ಗೆ ಹೋಗಿ, ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು ಕಾಣುತ್ತಾರೆ. ಒಬ್ಬೊಬ್ಬರ ಹಾಲು ಅಳತೆ ಆದಾಗಲೂ ಕಂಪ್ಯೂಟರಿನಲ್ಲಿ ಒಂದು ಸಾಲು ಸೇರುತ್ತದೆ. ಸದಸ್ಯರ ಕೋಡು, ತಾರೀಕು, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ) ಎಷ್ಟು, ದರ, ದುಡ್ಡು. ನಮ್ಮೂರ ಡೈರಿಗೆ ಹಾಲು ಹಾಕುವವರು ಸುಮಾರು 180 ಜನ. ಎಲ್ಲರೂ ಎರಡೂ ಹೊತ್ತು ಹಾಕಿದರೆ ದಿನಕ್ಕೆ 360 ಸಾಲು, ವರ್ಷಕ್ಕೆ 1,31,400. ಎಂಟು ವರ್ಷಕ್ಕೆ 10,51,200. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಹಿಡಿಸುವುದೇ 10,48,576 ಸಾಲು. ಅಂದರೆ ಒಂದು ಹಳ್ಳಿಯ ಹಾಲಿನ ಲೆಕ್ಕ ಎಂಟೇ ವರ್ಷದಲ್ಲಿ ಎಕ್ಸೆಲ್ ಹಾಳೆಯನ್ನು ದಾಟಿ ಹೋಗುತ್ತದೆ.

ಬಟವಾಡೆ ಮುಗಿದ ಮೇಲೆ ಈ ಸಾಲುಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ. ಯಾರ ಮನೆಯ ಹಸುವಿಗೆ ಹುಷಾರಿಲ್ಲ, ಯಾರು ಹಸು ಮಾರುವ ಯೋಚನೆಯಲ್ಲಿದ್ದಾರೆ, ಯಾವ ತಿಂಗಳು ಮೇವಿಗೆ ಪರದಾಡಿದರು, ಎಲ್ಲವೂ ಅದರಲ್ಲಿ ಬರೆದಿದೆ. ಓದುವವರು ಬೇಕು ಅಷ್ಟೆ.

ಈ ಓದುವ ಕೆಲಸಕ್ಕೆ ಡೇಟಾ ಮೈನಿಂಗ್ ಅಂತಾರೆ. 1989ರಲ್ಲಿ ಗ್ರೆಗರಿ ಪಿಯಾಟೆಟ್‌ಸ್ಕಿ ಶಪೀರೊ ಎಂಬುವರು ಇದಕ್ಕೇ ಅಂತ ಒಂದು ಕಾರ್ಯಾಗಾರ ನಡೆಸಿದಾಗ ಇಟ್ಟ ಹೆಸರಿನ ಅರ್ಥ ‘ಡೇಟಾಬೇಸಿನಲ್ಲಿ ತಿಳಿವನ್ನು ಹುಡುಕುವುದು’. ನನಗೆ ಈ ಹಳೇ ಹೆಸರೇ ಜಾಸ್ತಿ ಇಷ್ಟ. ಅಗೆದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದು ತಿಳಿವು ಹೌದೋ ಅಲ್ಲವೋ ಅನ್ನುವುದೇ ಪ್ರಶ್ನೆ.

ಹಾಲಿನ ಲೆಕ್ಕವನ್ನೇ ಉದಾಹರಣೆಗೆ ಇಟ್ಟುಕೊಂಡು ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಕಬ್ಬಿನ ಲೆಕ್ಕ ಇರಬಹುದು, ಅಂಗಡಿ ಬಿಲ್ಲು ಇರಬಹುದು, ಆಸ್ಪತ್ರೆಯ ಚೀಟಿ ಇರಬಹುದು. ಕ್ರಮ ಇದೇ.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಟ್ಟುವ ಮೊದಲು ಪ್ರಶ್ನೆ ಬರೆಯಿರಿ

ಸುಮ್ನೆ ‘ಏನಿದೆ ನೋಡೋಣ’ ಅಂತ ಕೂತರೆ ನಾಲ್ಕು ದಿನ ಹೋಗುತ್ತದೆ, ನಾಲ್ಕು ಚಂದದ ಚಿತ್ರ ಬರುತ್ತದೆ, ಅಷ್ಟೇ. ಪ್ರಶ್ನೆಯನ್ನು ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಉತ್ತರ ಸಿಕ್ಕರೆ ಯಾರು, ಏನು ಮಾಡುತ್ತಾರೆ?

‘ಹಾಲು ಯಾಕೆ ಕಡಿಮೆಯಾಗಿದೆ’ ಅನ್ನುವುದು ತೀರಾ ದೊಡ್ಡ ಪ್ರಶ್ನೆ. ‘ಮುಂದಿನ ಮೂರು ತಿಂಗಳಲ್ಲಿ ಹಾಲು ಹಾಕುವುದನ್ನು ಯಾರು ನಿಲ್ಲಿಸಬಹುದು’ ಅನ್ನುವುದು ಕೆಲಸಕ್ಕೆ ಬರುವ ಪ್ರಶ್ನೆ. ಹೆಸರು ಗೊತ್ತಾದರೆ ಕಾರ್ಯದರ್ಶಿ ಆ ಮನೆಗೆ ಹೋಗಿ ಮಾತಾಡಬಹುದು, ಪಶುವೈದ್ಯರನ್ನು ಕರೆಸಬಹುದು. ಎರಡನೇ ಸಾಲು ಬರೆಯಲು ಆಗದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಎರಡನೇ ಹೆಜ್ಜೆ: ಡೇಟಾ ಹೊರಗೆ ತೆಗೆಯುವುದು

ಮೂಲ ಫೈಲನ್ನು ಮುಟ್ಟಬೇಡಿ. ಒಂದು ನಕಲು ಮಾಡಿ, ಕೆಲಸವೆಲ್ಲ ಅದರ ಮೇಲೆ. ಸಿಎಸ್‌ವಿ ರೂಪದಲ್ಲಿ, ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಬರೀ ಅಕ್ಷರದ ಫೈಲಾಗಿ, ತೆಗೆಯುವಾಗ ಅಕ್ಷರ ಉಳಿಸುವ ಬಗೆ ಯುಟಿಎಫ್-8 ಅಂತ ಆರಿಸಿಕೊಳ್ಳಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗಬಹುದು, ಹೋದರೆ ಮತ್ತೆ ಬರುವುದಿಲ್ಲ. ಹಳೇ ದಾಖಲೆಯಲ್ಲಿ ಹೆಸರುಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಅಕ್ಷರದಲ್ಲಿದ್ದರೆ, ಹೊರಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತದೆ. ಹೆದರಬೇಡಿ. ಅದನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಹೆಸರು, ಫೋನ್ ನಂಬರು, ಆಧಾರ್, ಬ್ಯಾಂಕ್ ಖಾತೆ ಇರುವ ಕಾಲಂಗಳನ್ನು ಈಗಲೇ ತೆಗೆದುಹಾಕಿ. ಸದಸ್ಯರ ಕೋಡು ಒಂದಿದ್ದರೆ ಸಾಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ, ನಿಜ. ಕಾಯ್ದೆ ಇಲ್ಲದಿದ್ದರೂ, ಊರಿನವರ ಖಾತೆ ನಂಬರು ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಾಡುವುದು ಸರಿಯಲ್ಲ ಅಲ್ವಾ?

ಸಾಲುಗಳು ಲಕ್ಷ ದಾಟಿದರೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ಹಾಕಿಕೊಳ್ಳಿ. ಪೂರ್ತಿ ಡೇಟಾಬೇಸು ಒಂದೇ ಫೈಲಿನಲ್ಲಿರುತ್ತದೆ, ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಹತ್ತು ಲಕ್ಷ ಸಾಲನ್ನು ಆರಾಮಾಗಿ ನಿಭಾಯಿಸುತ್ತದೆ.

ಮೂರನೇ ಹೆಜ್ಜೆ: ಕಸ ತೆಗೆಯುವುದು

ಜಾಸ್ತಿ ಹೊತ್ತು ಹಿಡಿಯುವುದು ಇದೇ. ಆತುರ ಬೇಡ.

ಮೊದಲು ಆಗದ ಹೋಗದ ಸಂಖ್ಯೆಗಳನ್ನು ಹುಡುಕಿ. ಫ್ಯಾಟ್ 35 ಅಂತ ಇದ್ದರೆ ಅದು 3.5 ಇರಬೇಕು, ಚುಕ್ಕಿ ಬಿಟ್ಟುಹೋಗಿದೆ. ತಾರೀಕಿನಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿವೆಯೇ ನೋಡಿ. 05-06 ಅಂದರೆ ಜೂನ್ 5 ಇರಬಹುದು, ಮೇ 6 ಇರಬಹುದು. ದಿನ 12ಕ್ಕಿಂತ ದೊಡ್ಡದಿದ್ದಾಗ ಮಾತ್ರ ತಪ್ಪು ತಾನಾಗಿ ಗೊತ್ತಾಗುತ್ತದೆ, ಉಳಿದದ್ದು ಸದ್ದಿಲ್ಲದೆ ಒಳಗೆ ಕೂತಿರುತ್ತದೆ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಕೇಳಿ ತಿಳಿದುಕೊಳ್ಳಿ. ಸೊನ್ನೆ ಅಂದರೆ ಹಾಲು ತಂದಿಲ್ಲ ಅಂತಲೋ, ತಂದ ಹಾಲು ವಾಪಸ್ ಕಳಿಸಿದರು ಅಂತಲೋ?

ಇನ್ನೊಂದು ಇದೆ, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಒಬ್ಬರು ಸದಸ್ಯತ್ವ ಬಿಟ್ಟ ಮೇಲೆ ಅವರ ಕೋಡನ್ನು ಹೊಸಬರಿಗೆ ಕೊಟ್ಟಿರುತ್ತಾರೆ. ಡೇಟಾದಲ್ಲಿ ಇಬ್ಬರೂ ಒಬ್ಬರೇ. ಎಮ್ಮೆ ಹಾಲು ಹಾಕುತ್ತಿದ್ದ ಕೋಡು ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಸೀಮೆ ಹಸುವಿನ ಹಾಲು ಹಾಕಲು ಶುರುಮಾಡಿದರೆ ಅನುಮಾನ ಪಡಿ.

ನನಗೆ ಪಾಠ ಕಲಿಸಿದ್ದು ಒಂದು ಸಂಜೆಯ ಲೆಕ್ಕ. ಎಲ್ಲರ ಫ್ಯಾಟೂ 3.8. ಮೇಲಿಂದ ಕೆಳಗೆ ಓದಿದರೂ 3.8, 3.8, 3.8. ಹಸು ಬೇರೆ, ಮೇವು ಬೇರೆ, ಫ್ಯಾಟ್ ಮಾತ್ರ ಒಂದೇ! ಏನೋ ಮೋಸ ನಡೆದಿದೆ ಅಂತಲೇ ನಾನು ಅಂದುಕೊಂಡೆ. ಕಾರ್ಯದರ್ಶಿ ಅಕ್ಕನ ಹತ್ತಿರ ಕೇಳಿದಾಗ ಅವರು ಕನ್ನಡಕ ಏರಿಸಿ ತಾರೀಕು ನೋಡಿದರು. “ಅಯ್ಯೋ, ಅವತ್ತು ಮಿಷನ್ ಕೆಟ್ಟೋಗಿತ್ತು ಕಣಪ್ಪ. ಹಾಲು ವಾಪಸ್ ಕಳ್ಸಕ್ಕಾಯ್ತದಾ? ಹಿಂದಿನ ದಿನದ್ದು ಸರಾಸರಿ ನೋಡಿ ಎಲ್ರಿಗೂ ಒಂದೇ ಹಾಕ್ದೋ” ಅಂದರು.

ಎಂಥ ಲೆಕ್ಕದ ಸೂತ್ರಕ್ಕೂ ಇದು ತಿಳಿಯುತ್ತಿರಲಿಲ್ಲ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಕಾಲಂ ಒಂದೊಂದನ್ನೂ ಅದನ್ನು ತುಂಬುವವರ ಪಕ್ಕದಲ್ಲಿ ಕೂತು ಓದುತ್ತೇನೆ. ಒಂದು ಬೆಳಿಗ್ಗೆ, ಒಂದು ಸಂಜೆ ಡೈರಿಯಲ್ಲಿ ಕೂತರೆ ಸಾಕು. ತಿದ್ದಿದ್ದೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ: ಏನನ್ನು, ಯಾಕೆ, ಎಷ್ಟು ಸಾಲು. ಅನುಮಾನದ ಸಾಲನ್ನು ಅಳಿಸಬೇಡಿ, ಪಕ್ಕದಲ್ಲೊಂದು ಗುರುತು ಹಾಕಿ.

ನಾಲ್ಕನೇ ಹೆಜ್ಜೆ: ಮೊದಲು ಎಣಿಸಿ, ಆಮೇಲೆ ಚಿತ್ರ ಬರೆಯಿರಿ

ಎಲ್ಲರಿಗೂ ಇಲ್ಲಿಂದ ನೇರ ದೊಡ್ಡ ದೊಡ್ಡ ವಿಧಾನಗಳಿಗೆ ಹಾರುವ ಆಸೆ. ತಡೆಯಿರಿ. ಬಹಳಷ್ಟು ಪ್ರಶ್ನೆಗೆ ಎಣಿಕೆಯಲ್ಲೇ ಉತ್ತರ ಇರುತ್ತದೆ. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ಗ್ರೂಪ್ ಬೈ’ ಒಂದನ್ನು ಚೆನ್ನಾಗಿ ಕಲಿತರೆ ಸದಸ್ಯರವಾರು, ತಿಂಗಳವಾರು, ಹೊತ್ತುವಾರು ಒಟ್ಟು ಲೀಟರ್ ತೆಗೆಯಬಹುದು.

ಸರಾಸರಿ ತೆಗೆಯುವಾಗ ಎಚ್ಚರ. ಒಬ್ಬರು 2 ಲೀಟರ್ ಎಮ್ಮೆ ಹಾಲು ತಂದರು, ಫ್ಯಾಟ್ 6.0. ಇನ್ನೊಬ್ಬರು 10 ಲೀಟರ್ ಹಸುವಿನ ಹಾಲು ತಂದರು, ಫ್ಯಾಟ್ 3.6. ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ 4.8 ಬರುತ್ತದೆ. ಆದರೆ ಎರಡನ್ನೂ ಒಂದೇ ಕ್ಯಾನಿಗೆ ಸುರಿದು ಅಳೆದರೆ ಬರುವುದು 4.0. ಲೀಟರಿನಿಂದ ಗುಣಿಸಿ, ಕೂಡಿ, ಒಟ್ಟು ಲೀಟರಿನಿಂದ ಭಾಗಿಸಬೇಕು. ಈ ಒಂದು ತಪ್ಪನ್ನು ಓದಿಕೊಂಡವರೂ ಮಾಡುವುದನ್ನು ನೋಡಿದ್ದೇನೆ.

ಚಿತ್ರವನ್ನಂತೂ ಬಿಡಲೇಬೇಡಿ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ನಾಲ್ಕು ಪುಟ್ಟ ಪಟ್ಟಿ ಮಾಡಿ ತೋರಿಸಿದರು. ನಾಲ್ಕರ ಸರಾಸರಿ, ಏರಿಳಿತ, ಪರಸ್ಪರ ಸಂಬಂಧ ಎಲ್ಲವೂ ಹೆಚ್ಚುಕಡಿಮೆ ಒಂದೇ. ಗ್ರಾಫ್ ಬರೆದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಐದನೇ ಹೆಜ್ಜೆ: ನಮೂನೆ ಹುಡುಕುವುದು

ಇದಕ್ಕೆ ಕೋಡ್ ಬರೆಯಲೇಬೇಕು ಅಂತೇನಿಲ್ಲ. ಸ್ಲೊವೇನಿಯಾದ ಲುಬ್ಲಿಯಾನಾ ವಿಶ್ವವಿದ್ಯಾಲಯದ ‘ಆರೆಂಜ್’ ಎಂಬ ಉಚಿತ ತಂತ್ರಾಂಶದಲ್ಲಿ ಡಬ್ಬಿಗಳನ್ನು ಎಳೆದು ಜೋಡಿಸಿದರೆ ಸಾಕು. ಪೈಥಾನ್ ಎಂಬ ಕೋಡ್ ಭಾಷೆ ಬರುವವರಿಗೆ ಅದರಲ್ಲೇ ‘ಪಾಂಡಾಸ್’ ಮತ್ತು ‘ಸೈಕಿಟ್ ಲರ್ನ್’ ಎಂಬ ಸಾಧನಗಳಿವೆ.

ಗುಂಪು ಮಾಡುವುದು ಒಂದು ದಾರಿ. ‘ಕೆ-ಮೀನ್ಸ್’ ವಿಧಾನಕ್ಕೆ ಎಷ್ಟು ಗುಂಪು ಬೇಕು ಅಂತ ನೀವೇ ಹೇಳಬೇಕು. ಅದು ಗುಂಪಿಗೊಂದು ನಡುಬಿಂದು ಇಟ್ಟು, ಹತ್ತಿರದವರನ್ನು ಸೇರಿಸಿಕೊಂಡು, ನಡುಬಿಂದುವನ್ನು ಮತ್ತೆ ಸರಿಸುತ್ತದೆ. ಗುಂಪುಗಳು ಅಲುಗಾಡುವುದು ನಿಲ್ಲುವವರೆಗೆ ಇದೇ ಕೆಲಸ. ಲೀಟರ್ 1ರಿಂದ 30ರವರೆಗೆ ಓಡಾಡುತ್ತದೆ, ಫ್ಯಾಟ್ 3ರಿಂದ 7ರವರೆಗೆ ಮಾತ್ರ. ಹಾಗೇ ಕೊಟ್ಟರೆ ಲೀಟರ್ ದೊಡ್ಡ ದನಿಯಲ್ಲಿ ಮಾತಾಡುತ್ತದೆ, ಫ್ಯಾಟಿನ ದನಿ ಕೇಳಿಸುವುದೇ ಇಲ್ಲ. ಎರಡನ್ನೂ ಒಂದೇ ಅಳತೆಗೆ ತಂದು ಕೊಡಿ. ಮೊದಲ ಸಲ ಓಡಿಸಿದಾಗ ನನಗೆ ಸಿಕ್ಕಿದ್ದು ಎರಡು ಗುಂಪು: ಹಸು ಇರುವವರು, ಎಮ್ಮೆ ಇರುವವರು. ಇದು ಊರಿನ ಮಕ್ಕಳಿಗೂ ಗೊತ್ತು. ಗೊತ್ತಿರುವ ವ್ಯತ್ಯಾಸವನ್ನು ಮೊದಲೇ ಬೇರೆ ಮಾಡಿ, ಹಸುವಿನ ಹಾಲನ್ನಷ್ಟೇ ತೆಗೆದುಕೊಂಡು ಮತ್ತೆ ಓಡಿಸಬೇಕು. ಹೊಸದು ಕಾಣುವುದು ಆಗಲೇ.

‘ಇದು ಕೊಂಡವರು ಅದನ್ನೂ ಕೊಳ್ಳುತ್ತಾರಾ’ ಅನ್ನುವುದು ಇನ್ನೊಂದು ಬಗೆ. ರಾಕೇಶ್ ಅಗರ್‌ವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ 1994ರಲ್ಲಿ ಇದಕ್ಕೆ ‘ಅಪ್ರಿಯೊರಿ’ ಎಂಬ ವಿಧಾನ ಕೊಟ್ಟರು. ಡೈರಿಯಲ್ಲಿ ಮಾರುವ ಪಶು ಆಹಾರ, ಮಿನರಲ್ ಮಿಕ್ಸ್‌ಚರ್ ಬಿಲ್ಲುಗಳಿಗೆ ಇದನ್ನು ಹಚ್ಚಬಹುದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಒಟ್ಟು 1,000 ಬಿಲ್ಲು, ಮಿನರಲ್ ಮಿಕ್ಸ್‌ಚರ್ ಇರುವುದು 200ರಲ್ಲಿ, ಅವುಗಳ ಪೈಕಿ 150ರಲ್ಲಿ ಪಶು ಆಹಾರವೂ ಇದೆ. ಅಂದರೆ ಮಿಕ್ಸ್‌ಚರ್ ಕೊಂಡವರಲ್ಲಿ ಶೇ. 75 ಜನ ಪಶು ಆಹಾರವನ್ನೂ ಕೊಂಡರು. ಒಳ್ಳೇ ನಂಟು ಅನಿಸುತ್ತದೆ. ಆದರೆ ಒಟ್ಟಾರೆ 800 ಬಿಲ್ಲಿನಲ್ಲಿ ಪಶು ಆಹಾರ ಇದ್ದರೆ? ಯಾರನ್ನೇ ಹಿಡಿದು ಕೇಳಿದರೂ ಶೇ. 80 ಸಾಧ್ಯತೆ ಇದೆ. ಮಿಕ್ಸ್‌ಚರ್ ಕೊಂಡವರು ಅದಕ್ಕಿಂತ ಕಡಿಮೆಯೇ ಕೊಂಡಿದ್ದಾರೆ! 75ನ್ನು 80ರಿಂದ ಭಾಗಿಸಿದರೆ ಸುಮಾರು 0.94. ಇದಕ್ಕೆ ‘ಲಿಫ್ಟ್’ ಅಂತಾರೆ. 1ಕ್ಕಿಂತ ಮೇಲಿದ್ದರೆ ಮಾತ್ರ ಒಂದು ಇನ್ನೊಂದನ್ನು ಎಳೆದು ತರುತ್ತಿದೆ ಅಂತ ಅರ್ಥ.

ನಮ್ಮ ಮುಖ್ಯ ಪ್ರಶ್ನೆಗೆ, ಅಂದರೆ ಯಾರು ನಿಲ್ಲಿಸಬಹುದು ಅನ್ನುವುದಕ್ಕೆ, ನಾನು ಬಳಸುವುದು ಡಿಸಿಷನ್ ಟ್ರೀ. ಅದು ‘ಕಳೆದ ತಿಂಗಳು ಸಂಜೆ ಹಾಲು ಹತ್ತು ದಿನಕ್ಕಿಂತ ಕಡಿಮೆ ಬಂದಿದೆಯಾ? ಹೌದಾದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ’ ಅಂತ ಕವಲೊಡೆಯುತ್ತಾ ಹೋಗುತ್ತದೆ. ಕಾಗದದ ಮೇಲೆ ಬರೆದು ತೋರಿಸಬಹುದು, ಎಲ್ಲರಿಗೂ ಅರ್ಥವಾಗುತ್ತದೆ. ಹೆಚ್ಚು ಕರಾರುವಾಕ್ಕಾದ ವಿಧಾನಗಳಿವೆ. ಆದರೆ ಕಾರ್ಯದರ್ಶಿಗೆ ಬಿಡಿಸಿ ಹೇಳಲಾಗದ ಉತ್ತರ ನನಗೆ ಬೇಡ.

ಇಲ್ಲಿ ಮೂರು ಗುಂಡಿಗಳಿವೆ. ಮೂರರಲ್ಲೂ ನಾನು ಬಿದ್ದಿದ್ದೇನೆ. ‘ಷೇರು ಹಣ ವಾಪಸ್ ಕೊಟ್ಟ ತಾರೀಕು’ ಎಂಬ ಕಾಲಂ ಬಿಟ್ಟುಹೋದವರಿಗೆ ಮಾತ್ರ ತುಂಬಿರುತ್ತದೆ. ಅದನ್ನು ಒಳಗೆ ಬಿಟ್ಟರೆ ಟ್ರೀ ನೂರಕ್ಕೆ ನೂರು ಸರಿ ಹೇಳುತ್ತದೆ, ಆದರೆ ಮುಂದಿನದನ್ನು ಹೇಳಲು ಅದರಿಂದ ಚೂರೂ ಉಪಯೋಗವಿಲ್ಲ. ಎರಡನೆಯದು, ಪರೀಕ್ಷೆಗೆ ಸಾಲುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಬೇಡಿ. 2022ರ ಕೊನೆಯವರೆಗಿನ ಡೇಟಾದಿಂದ ಕಲಿಸಿ, 2023ರದ್ದರ ಮೇಲೆ ಪರೀಕ್ಷಿಸಿ. ನಿಜ ಜೀವನದಲ್ಲಿ ನಾಳೆಯ ಸಾಲು ಇವತ್ತು ಕೈಗೆ ಸಿಗುವುದಿಲ್ಲ. ಮೂರನೆಯದು, 100 ಜನರಲ್ಲಿ 5 ಜನ ಬಿಡುತ್ತಾರೆ ಅಂದುಕೊಳ್ಳಿ. ‘ಯಾರೂ ಬಿಡುವುದಿಲ್ಲ’ ಅಂತ ಕಣ್ಣುಮುಚ್ಚಿ ಹೇಳಿದರೂ ಶೇ. 95 ಸರಿ. ಹಾಗಾಗಿ ಆ ಅಂಕಿಯನ್ನು ನೋಡಬೇಡಿ. ಎರಡೇ ಪ್ರಶ್ನೆ ಕೇಳಿ. ನಾನು ಹೆಸರಿಸಿದವರಲ್ಲಿ ಎಷ್ಟು ಜನ ನಿಜವಾಗಿ ಬಿಟ್ಟರು? ಬಿಟ್ಟವರಲ್ಲಿ ಎಷ್ಟು ಜನರನ್ನು ನಾನು ಮೊದಲೇ ಹೆಸರಿಸಿದ್ದೆ?

ಆರನೇ ಹೆಜ್ಜೆ: ಕೊಟ್ಟಿಗೆಗೆ ಹೋಗಿ ನೋಡುವುದು

ನನ್ನ ಮೊದಲ ಪಟ್ಟಿಯ ತುದಿಯಲ್ಲಿದ್ದ ಕೋಡಿನವರ ಮನೆಗೆ ಕಾರ್ಯದರ್ಶಿ ಅಕ್ಕನ ಜೊತೆ ಹೋಗಿದ್ದೆ. ಐದಾರು ತಿಂಗಳಿಂದ ಅವರ ಹಾಲು ಇಳಿಯುತ್ತಲೇ ಬಂದಿತ್ತು. ಇನ್ನೇನು ನಿಲ್ಲಿಸುತ್ತಾರೆ ಅಂತ ಟ್ರೀ ಹೇಳಿತ್ತು. ಮನೆಯವ್ವ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ತುಂಬು ಗಬ್ಬದ ಹಸು ಕಬ್ಬಿನ ಸೋಗೆ ಮೆಲ್ಲುತ್ತಾ ನಿಂತಿತ್ತು. “ಇನ್ನೆರಡು ತಿಂಗ್ಳಿಗೆ ಕರ ಹಾಕ್ತದೆ. ಅದಕ್ಕೇ ಹಾಲು ಬತ್ತಿಸ್ತಾ ಇದೀವಿ. ನಿಲ್ಸೋದ್ಯಾಕೆ?” ಅಂದರು.

ವಾಪಸ್ ಬಂದು ಅವರ ಸಾಲುಗಳನ್ನು ಮತ್ತೆ ನೋಡಿದೆ. ಲೀಟರ್ ನಿಧಾನವಾಗಿ ಇಳಿಯುತ್ತಿತ್ತು, ಫ್ಯಾಟ್ ನಿಧಾನವಾಗಿ ಏರುತ್ತಿತ್ತು. ಕರು ಹಾಕಿ ತಿಂಗಳುಗಳು ಕಳೆದಂತೆ ಹಾಲು ಕಡಿಮೆಯಾಗಿ ಫ್ಯಾಟ್ ಏರುವುದು ಸಹಜ. ಅದು ಡೇಟಾದಲ್ಲೇ ಇತ್ತು, ನಾನು ಲೀಟರ್ ಒಂದನ್ನೇ ನೋಡಿದ್ದೆ. ಆಮೇಲೆ ಹತ್ತಾರು ಮನೆ ಸುತ್ತಿ ಮೂರು ಬಗೆಯ ಇಳಿತವನ್ನು ಬೇರೆ ಮಾಡಿಕೊಂಡೆ. ನಿಧಾನ ಇಳಿತ, ಏರುವ ಫ್ಯಾಟ್ ಅಂದರೆ ಹಸು ಬತ್ತುತ್ತಿದೆ. ಎರಡು ಮೂರು ದಿನದಲ್ಲೇ ಲೀಟರೂ ಎಸ್‌ಎನ್‌ಎಫ್ಫೂ ಒಟ್ಟಿಗೆ ಕುಸಿದರೆ ಹಸುವಿಗೆ ಹುಷಾರಿಲ್ಲದಿರಬಹುದು. ಕೆಚ್ಚಲು ಬಾವು ಬಂದಾಗ ಹಾಲಿನ ಸಕ್ಕರೆ ಅಂಶ ಇಳಿಯುತ್ತದೆ, ಎಸ್‌ಎನ್‌ಎಫ್ ಬೀಳುವುದಕ್ಕೆ ಅದೂ ಒಂದು ಕಾರಣ. ಅಂಥ ಮನೆಗೆ ಅವತ್ತೇ ಫೋನ್ ಹೋಗಬೇಕು. ಬೆಳಗಿನ ಹಾಲು ಹಾಗೇ ಇದ್ದು ಸಂಜೆಯದು ಮಾತ್ರ ನಿಂತರೆ, ಹಸು ಚೆನ್ನಾಗಿದೆ, ಹಾಲು ಬೇರೆ ಕಡೆ ಹೋಗುತ್ತಿದೆ. ಬಿಡುವ ಯೋಚನೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುವುದನ್ನು ನಮ್ಮೂರಲ್ಲಿ ಕಂಡಿದ್ದೇನೆ.

ಮೂರೂ ಇಳಿತವೇ. ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ಏಳನೇ ಹೆಜ್ಜೆ: ‘ಅದರಿಂದಲೇ ಇದು’ ಅನ್ನುವ ಮೊದಲು

ಮಂಡ್ಯದಲ್ಲಿ ಡೇಟಾ ಹಿಡಿದು ಕೂತವರಿಗೆ ಒಂದಲ್ಲ ಒಂದು ದಿನ ಕನ್ನಂಬಾಡಿ ಕಟ್ಟೆ ನೆನಪಾಗಿಯೇ ಆಗುತ್ತದೆ. ಕೆಆರ್‌ಎಸ್ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಗರಿಷ್ಠ 124.80 ಅಡಿ. ಆ ಮಟ್ಟವನ್ನೂ ಹಾಲಿನ ಲೀಟರನ್ನೂ ಒಂದೇ ಗ್ರಾಫಿನಲ್ಲಿ ಹಾಕಿದೆವು ಅನ್ನಿ. ಎರಡೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. ನೀರು ಕಡಿಮೆಯಾದ್ದರಿಂದ ಹಾಲು ಕಡಿಮೆಯಾಯಿತು ಅಂದುಬಿಡಲೇ? ಕಟ್ಟೆಯಿಂದ ಹೊರಡುವ ವಿ.ಸಿ. ನಾಲೆಯಲ್ಲಿ ನೀರು ಬರುವುದು ನಿಂತರೆ ಹಸಿರು ಮೇವು ಕಡಿಮೆಯಾಗುತ್ತದೆ, ಮೇವು ಕಡಿಮೆಯಾದರೆ ಹಾಲು ಇಳಿಯುತ್ತದೆ. ಮಾತು ನಂಬುವಂತೆಯೇ ಇದೆ. ಆದರೆ ಬೇಸಿಗೆಯ ಬಿಸಿಲಿಗೇ ಸೀಮೆ ಹಸುಗಳ ಹಾಲು ಇಳಿಯುತ್ತದೆ, ಅದೇ ಬೇಸಿಗೆಯಲ್ಲಿ ಕಟ್ಟೆಯ ನೀರೂ ಇಳಿದಿರುತ್ತದೆ. ಎರಡನ್ನೂ ಆಡಿಸುತ್ತಿರುವುದು ಕಾಲವೇ ಇರಬಹುದು.

ಬಿಡಿಸಿಕೊಳ್ಳಲು ಎರಡು ದಾರಿ. ಮೇ ತಿಂಗಳನ್ನು ಆಗಸ್ಟ್ ಜೊತೆ ಹೋಲಿಸಬೇಡಿ, ಬೇರೆ ವರ್ಷಗಳ ಮೇ ತಿಂಗಳ ಜೊತೆ ಹೋಲಿಸಿ. ಆಮೇಲೆ ನಾಲೆ ನೀರಿನ ಊರನ್ನು ಮಳೆಯನ್ನೇ ನಂಬಿದ ನಾಗಮಂಗಲ ಕಡೆಯ ಊರಿನ ಪಕ್ಕದಲ್ಲಿಡಿ. ಬಿಸಿಲು ಎರಡಕ್ಕೂ ಒಂದೇ. ನಾಲೆ ನಿಂತ ವರ್ಷ ನಾಲೆಯ ಊರಿನಲ್ಲಿ ಮಾತ್ರ ಹಾಲು ಜಾಸ್ತಿ ಕುಸಿದಿದ್ದರೆ ನೀರಿನ ಕೈವಾಡ ಇದೆ ಅನ್ನಲು ಆಧಾರ ಸಿಕ್ಕಿತು. ಎರಡೂ ಕಡೆ ಒಂದೇ ಸಮ ಕುಸಿದಿದ್ದರೆ ನಾಲೆಯನ್ನು ದೂರಬೇಡಿ. ನೀರು ನಿಂತ ಮರುದಿನವೇ ಮೇವು ಖಾಲಿಯಾಗುವುದಿಲ್ಲ ಅನ್ನುವುದೂ ನೆನಪಿರಲಿ. ಇವತ್ತಿನ ಹಾಲನ್ನು ಕೆಲವು ವಾರ ಹಿಂದಿನ ನೀರಿನ ಜೊತೆಯೂ ಹೋಲಿಸಿ ನೋಡಿ.

ಇನ್ನೊಂದು ಮಾತು. ಸಂಬಂಧವೇ ಇಲ್ಲದ 100 ಕಾಲಂಗಳನ್ನು ಹಾಲಿನ ಜೊತೆ ಹೋಲಿಸಿದರೂ, ಶೇ. 5ರ ಅಳತೆಗೋಲಿನಲ್ಲಿ (ನಂಟು ಇಲ್ಲದಿದ್ದರೂ ನೂರಕ್ಕೆ ಐದು ಸಲ ‘ಇದೆ’ ಅನ್ನುವ ಅಳತೆಗೋಲು) ಸುಮಾರು ಐದು ಬರೀ ಆಕಸ್ಮಿಕವಾಗಿ ಹೊಂದಿಕೆಯಾಗಿಬಿಡುತ್ತವೆ. ಎಷ್ಟು ಹೋಲಿಕೆ ಮಾಡಿದಿರಿ ಅನ್ನುವುದನ್ನು ಪುಸ್ತಕದಲ್ಲಿ ಬರೆಯಿರಿ. ಸಿಕ್ಕಿದ ಒಂದನ್ನು ಬೇರೆ ವರ್ಷದ ಡೇಟಾದಲ್ಲಿ ಮತ್ತೆ ನೋಡಿ.

ಎಂಟನೇ ಹೆಜ್ಜೆ: ಕೈಗೆ ಕೊಡುವುದು

ಒಂದೇ ಹಾಳೆ. ಕನ್ನಡದಲ್ಲಿ. ಮೇಲೆ ಪ್ರಶ್ನೆ, ಕೆಳಗೆ ಹತ್ತೇ ಹತ್ತು ಕೋಡು, ಪ್ರತಿ ಕೋಡಿನ ಮುಂದೆ ಕಾರಣ ಒಂದು ಸಾಲು: ‘ಸಂಜೆ ಹಾಲು 12 ದಿನದಿಂದ ಇಲ್ಲ’, ‘ಎಸ್‌ಎನ್‌ಎಫ್ ಮೂರು ದಿನದಲ್ಲಿ ಇಳಿದಿದೆ, ಡಾಕ್ಟರಿಗೆ ಹೇಳಿ’. ಕೋಡಿನಿಂದ ಹೆಸರು ತಿಳಿಯುವುದು ಕಾರ್ಯದರ್ಶಿಗೆ ಮಾತ್ರ. ಈ ಹಾಳೆ ಡೈರಿಯ ನೋಟಿಸ್ ಬೋರ್ಡಿಗೆ ಹೋಗಬಾರದು. ನಮ್ಮ ಊಹೆ ತಪ್ಪಿದ್ದರೆ ಒಂದು ಮನೆಯ ಮರ್ಯಾದೆಯ ಪ್ರಶ್ನೆ ಅದು.

ತಿಂಗಳಿಗೊಮ್ಮೆ ಮತ್ತೆ ಓಡಿಸಿ. ದರ ಬದಲಾಗುತ್ತದೆ, ಹೊಸ ಮಿಷನ್ ಬರುತ್ತದೆ, ಪಕ್ಕದಲ್ಲಿ ಹೊಸ ಹೋಟೆಲ್ ತೆರೆಯುತ್ತದೆ. ಹೋದ ವರ್ಷದ ಟ್ರೀ ಈ ವರ್ಷಕ್ಕೆ ಸರಿಹೋಗುತ್ತದೆ ಅಂತ ಹೇಳಲಾಗದು.

ಆಗುವುದಾದರೆ ಡೇಟಾ ತುಂಬುವ ಜಾಗದಲ್ಲಿ ಇನ್ನೊಂದು ಕಾಲಂ ಸೇರಿಸಲು ಹೇಳಿ: ಷರಾ. ಕಾರ್ಯದರ್ಶಿ ಅಕ್ಕ ಈಗ ಅದರಲ್ಲಿ ಒಂದೆರಡು ಪದ ಬರೆಯುತ್ತಾರೆ. ‘ಮಿಷನ್ ಕೆಟ್ಟಿದೆ’, ‘ಕರೆಂಟ್ ಇಲ್ಲ’, ‘ಮನೆಯಲ್ಲಿ ಮದುವೆ’, ‘ಕರ ಹಾಕ್ತು’. ಹೋದ ತಿಂಗಳು ನಾನು ಪಟ್ಟಿ ಮಾಡುವ ಮೊದಲು ಓದಿದ್ದು ಆ ಕಾಲಮ್ಮನ್ನೇ. ಹತ್ತು ಕೋಡಿನಲ್ಲಿ ನಾಲ್ಕನ್ನು ಅಲ್ಲೇ ಹೊಡೆದುಹಾಕಿದೆ, ಉಳಿದ ಆರು ಮನೆಗೆ ಇಬ್ಬರೂ ಹೋದೆವು.